ನಡುಕ ನಿಂತರೆ ವಾಸಿಯೆಂದು ತಿಳಿಯಬೇಡಿ

ಮಂಜೇಶ್ವರ, ಕಾಸರಗೋಡಿನ ಸೆಕೆಯಲ್ಲಿ ಬೆಳೆದ ನಮಗೆ ಚಳಿಯಿಂದ ಪ್ರಾಣಾಪಾಯವೆಂದರೆ ನಂಬಿಕೆ ಬಾರದು. ನನಗೂ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ ಸಮ್ಮೇದ ಶಿಖರ್ಜಿ ಯಾತ್ರೆಗೆ ಹೋಗಿದ್ದೆವು. ಹತ್ತುವುದು, ಟೋಂಕುಗಳ ವಂದನೆ, ಇಳಿಯುವುದು ಎಲ್ಲ ಸೇರಿ ಸುಮಾರು 27 ಕಿ.ಮೀ. ನಸುಕಿನಲ್ಲೇ ಸ್ನಾನ ಮುಗಿಸಿ, ಬರಿಗಾಲಲ್ಲಿ, ಬರಿಹೊಟ್ಟೆಯಲ್ಲಿ ಹೊರಟೆವು. ಮಂಜಿಗೆ ಪಂಚೆ, ಶಾಲು ತೊಯ್ದವು. ಗಾಳಿ ಬೇರೆ. ಗಡಗಡ ನಡುಗುತ್ತಿದ್ದ ನಮ್ಮ ತಂಡದ ಹಿರಿಯರೊಬ್ಬರ ನಡುಕ ಇದ್ದಕ್ಕಿದ್ದಂತೆ ನಿಂತಿತು. "ಈಗ ವಾಸಿ" ಎಂದುಕೊಂಡೆವು. ಅದೇ ನಮ್ಮ ತಪ್ಪು. ಅವರ ಮಾತು ತೊದಲಿತು, ಎಲ್ಲಿದ್ದೇನೆಂಬುದೂ ತಿಳಿಯದಾಯಿತು. ಬೇರೆ ತಂಡದ ವೈದ್ಯರೊಬ್ಬರು ಬಂದುದರಿಂದ ಅವರು ಉಳಿದರು. ಆಗ ಕಲಿತದ್ದನ್ನು ಓದುಗರಿಗೆ ತಿಳಿಸುತ್ತಿದ್ದೇನೆ.

ಮೈಯ ಸಹಜ ಉಷ್ಣ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35ಕ್ಕಿಂತ ಇಳಿದರೆ ಹೈಪೋಥರ್ಮಿಯಾ. ವೃದ್ಧರು, ಮಕ್ಕಳು, ಉಪವಾಸದವರು ಇದಕ್ಕೆ ಬೇಗ ತುತ್ತಾಗುತ್ತಾರೆ. ನಡುಕ, ತೊದಲು, ಮಂಕು, ತೂಕಡಿಕೆ ಇದರ ಲಕ್ಷಣಗಳು. ಮೈ ಬಿಸಿಯಾಗದೆ ನಡುಕ ನಿಂತರೆ ದೇಹ ಸೋಲುತ್ತಿದೆಯೆಂದೇ ಅರ್ಥ.

ಮೊದಲು ಗಾಳಿಯ ಮರೆಗೆ ಒಯ್ಯಿರಿ. ಒದ್ದೆ ಬಟ್ಟೆ ತೆಗೆದು ಒಣಬಟ್ಟೆ ಉಡಿಸಿ. ನೆಲದ ತಂಪು ತಾಗದಂತೆ ಕೆಳಗೆ ಹಾಸಿ, ತಲೆಸಹಿತ ಹೊದಿಸಿ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಎದೆ, ಕಂಕುಳಲ್ಲಿ ಇಡಿ. ಇಷ್ಟರಿಂದ ಉಪವಾಸದವರಿಗೆ ವ್ರತಭಂಗವೂ ಇಲ್ಲ. ಪೂರ್ಣ ಪ್ರಜ್ಞೆಯಿದ್ದವರಿಗೆ ಮಾತ್ರ ಬಿಸಿಯಾದ ಸಿಹಿ ಪಾನೀಯ ಕೊಡಬಹುದು. 108 ಅಥವಾ 112ಕ್ಕೆ ಕರೆಮಾಡಿ.

ಕೈಕಾಲು ತಿಕ್ಕಬೇಡಿ, ಬೆಂಕಿಗೆ ಹಿಡಿಯಬೇಡಿ, ಎಬ್ಬಿಸಿ ನಡೆಸಬೇಡಿ. ಒರಟಾಗಿ ಅಲುಗಾಡಿಸಿದರೆ ತಣ್ಣಗಾದ ಹೃದಯದ ಬಡಿತ ತಪ್ಪಬಹುದು. ಬ್ರಾಂದಿ ಕೊಡಿರೆನ್ನುವವರ ಮಾತು ನಮ್ಮ ಆಚಾರಕ್ಕೂ ಸಲ್ಲದು, ವೈದ್ಯಕ್ಕೂ ಸಲ್ಲದು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಹಾಕುತ್ತದೆ.

ಮೈ ತಣ್ಣಗಿದೆಯೆಂದು ಆಸೆ ಬಿಡಲೂಬಾರದು. ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಹೂತುಹೋದರು. 8ರಂದು ಹೊರತೆಗೆದಾಗ ಇನ್ನೂ ಜೀವವಿತ್ತು! ತಣ್ಣಗಾದ ಅಂಗಗಳಿಗೆ ಮತ್ತೆ ಶಾಖ, ರಕ್ತ ಹರಿಯುವಾಗಲೂ ತೊಂದರೆಯಾದೀತೆಂದು ದಿಲ್ಲಿಯ ಸೇನಾ ವೈದ್ಯರು ಅಂಜಿದ್ದರು. 11ರಂದು ಆ ವೀರರು ತೀರಿಕೊಂಡರು. ಉಸಿರು ಕಾಣದಿದ್ದರೂ ಒಂದು ನಿಮಿಷದವರೆಗೆ ಗಮನವಿಟ್ಟು ಪರೀಕ್ಷಿಸಿ. ಇಲ್ಲವೆಂದಾದರೆ ಬಲ್ಲವರು ಎದೆಯೊತ್ತಿ ಕೃತಕ ಉಸಿರಾಟ ಆರಂಭಿಸಬೇಕು.

ಜವಳಿ ವ್ಯಾಪಾರಿಯಾಗಿ ಒಂದು ಮಾತು: ಒದ್ದೆಯಾದ ಹತ್ತಿಬಟ್ಟೆ ಮೈ ಕಾಯುವುದಿಲ್ಲ, ಮೈಯ ಶಾಖವನ್ನೇ ಹೀರುತ್ತದೆ. ಯಾತ್ರೆಗೆ ಹೊರಡುವಾಗ ಒಂದು ಜೊತೆ ಒಣಬಟ್ಟೆ, ಒಂದು ದಪ್ಪ ಹೊದಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗಿಟ್ಟುಕೊಳ್ಳಿ. ಹಿರಿಯರ ಪಕ್ಕದಲ್ಲೇ ನಡೆಯಿರಿ, ಆಗಾಗ ಮಾತನಾಡಿಸುತ್ತಿರಿ.