ಮುಳ್ಳಿನ ಮೀಟರು ಸುಳ್ಳು ಹೇಳಿದರೆ

ನಮ್ಮ ಹೈದರಾಬಾದಿನ ಕನ್ನಡ ಮನೆಗಳ ಅಟ್ಟದಲ್ಲಿ ಮುಳ್ಳಿನ ಹಳೆಯ ಮಲ್ಟಿಮೀಟರು ಮಲಗಿರುವುದುಂಟು. ವೋಲ್ಟನ್ನು ಸರಿಯಾಗಿ ತೋರಿಸುತ್ತದೆ, ಓಮ್ ಮಾತ್ರ ಕೆಟ್ಟಿದೆ ಎಂದು ಬದಿಗಿಟ್ಟದ್ದು. ಗುಜರಿಗೆ ಹಾಕುವ ಮುನ್ನ ವಾಚಕರು ಒಂದು ಭಾನುವಾರವನ್ನು ಅದಕ್ಕೆ ಕೊಡಬೇಕೆಂದು ನಮ್ಮ ಕೋರಿಕೆ. ನಾವೂ ಬಿ.ಎ. ಓದಿದವರೇ, ವಿಜ್ಞಾನದವರಲ್ಲ.

ಇವುಗಳಿಗೆಲ್ಲ ಹಿರಿಯಣ್ಣ 1923ರ ಆವೋಮೀಟರ್. ಅದನ್ನು ರೂಪಿಸಿದ ಡೊನಾಲ್ಡ್ ಮೆಕಾಡಿ ಬ್ರಿಟನ್ನಿನ ಅಂಚೆ ಇಲಾಖೆಯ ಇಂಜಿನಿಯರು. ಸರ್ಕಾರಿ ನೌಕರರು ಕಡತವನ್ನಷ್ಟೇ ಬಲ್ಲರೆನ್ನುವವರು ಗಮನಿಸಲಿ!

ವೋಲ್ಟನ್ನು ಅಳೆಯುವಾಗ ಹೊರಗಿನ ವಿದ್ಯುತ್ತೇ ಮುಳ್ಳನ್ನು ತಳ್ಳುತ್ತದೆ. ಓಮ್ ಅಳೆಯುವಾಗ ಮೀಟರಿನ ಹೊಟ್ಟೆಯಲ್ಲಿರುವ ಶೆಲ್ಲುಗಳೇ ತಳ್ಳಬೇಕು. ಆದ್ದರಿಂದ ಮೊದಲ ಅನುಮಾನ ಅವುಗಳ ಮೇಲೆ. ಶೆಲ್ಲು ಸೋರಿ ತಗಡು ಹಸಿರುಗಟ್ಟಿದ್ದರೆ ಉಪ್ಪುಕಾಗದದಿಂದ ಉಜ್ಜಿ ಹೊಸ ಶೆಲ್ಲು ಹಾಕಿರಿ. ನಮ್ಮಲ್ಲಿ ಬಹಳ ಬಳಕೆಯಾದ ಸಾನ್ವಾ ವೈಎಕ್ಸ್-360 ಮಾದರಿಯಲ್ಲಿ ×1ರ ಅಳತೆಗೆ 3 ವೋಲ್ಟಿನಲ್ಲಿ ಸುಮಾರು 150 ಮಿಲಿಆಂಪಿಯರ್ ಬೇಕು. ಆದುದರಿಂದ ಎರಡು ಕಡ್ಡಿಗಳನ್ನು ತಾಗಿಸಿದಾಗ ಮುಳ್ಳು ಅಲ್ಲಿ ಮಾತ್ರ ಸೊನ್ನೆಗೆ ಬಾರದಿದ್ದರೆ ಶೆಲ್ಲು ಬಳಲಿದೆಯೆಂದೇ ತಿಳಿಯಿರಿ. ×10 ಸಾವಿರದಲ್ಲಿ ಮಾತ್ರ ಕೈಕೊಟ್ಟರೆ 9 ವೋಲ್ಟಿನ ಬ್ಯಾಟರಿಯನ್ನು ನೋಡಿರಿ.

ಮುಳ್ಳು ಸೊನ್ನೆಗೇನೋ ಬರುತ್ತದೆ, ಆದರೆ ಅಳತೆ ತಪ್ಪು. ಅಪಾಯವಿರುವುದು ಇಲ್ಲಿ. ಯಾರೋ ಓಮಿನಲ್ಲಿಟ್ಟು ಮನೆಯ 230 ವೋಲ್ಟನ್ನು ಮುಟ್ಟಿಸಿದ್ದಾರೆ. ×1ರ ಪುಟ್ಟ ರೋಧಕ ಸುಟ್ಟುಹೋಗಿದೆ. ಆಗ 50 ಓಮಿನ ರೋಧವೂ ಸೊನ್ನೆಯ ಹಾಗೆ ಕಾಣುತ್ತದೆ. ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಕಿತ್ತು, ಅದರ ದಪ್ಪ ಪಿನ್ನಿನಿಂದ ಲೋಹದ ಮೈವರೆಗೆ ಅರ್ತ್ ತಂತಿಯನ್ನು ಪರೀಕ್ಷಿಸುವವರಿಗೆ ಹದಗೆಟ್ಟ ತಂತಿಯೂ ನೆಟ್ಟಗಿರುವಂತೆ ತೋರುವುದು. ಆ ಪೆಟ್ಟಿಗೆಯನ್ನು ಹಿಡಿಯುವ ಕೈ ಮನೆಯವರದು.

ಸುಟ್ಟ ರೋಧಕದ ಬಣ್ಣದ ಪಟ್ಟೆಗಳನ್ನು ಓದಲಾಗದು. ಚಿಂತೆಯಿಲ್ಲ, ಅದರ ಬೆಲೆ ಮೀಟರಿನ ಮುಖದ ಮೇಲೆಯೇ ಬರೆದಿದೆ! ಓಮ್ ಸಾಲಿನಲ್ಲಿ ಮುಳ್ಳು ಸರಿಯಾಗಿ ನಡುವೆ ನಿಂತಾಗ ಹೊರಗಿನ ರೋಧವೂ ಒಳಗಿನ ರೋಧವೂ ಸಮ. ನಡುವಿನ ಅಂಕಿ 20 ಆದರೆ ×1ರಲ್ಲಿ ಒಳಗೆ ಒಟ್ಟು 20 ಓಮ್ ಇರಬೇಕು. ಶೆಲ್ಲು, ಫ್ಯೂಸುಗಳ ಪಾಲು ಒಂದಿಷ್ಟು ಕಳೆದರೆ ಸುಮಾರು 18 ಉಳಿಯುತ್ತದೆ. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಇಂಥವು ಸಿಕ್ಕುತ್ತವೆ. ಜೊತೆಗೆ 10 ಓಮಿನವು ಎರಡನ್ನೂ ತನ್ನಿರಿ.

ಬಿಚ್ಚುವ ಮೊದಲು ಕಡ್ಡಿಗಳನ್ನೂ ಶೆಲ್ಲುಗಳನ್ನೂ ತೆಗೆದಿಡತಕ್ಕದ್ದು. ಬೆಸುಗೆಯಾದ ಮೇಲೆ ಶೆಲ್ಲು ಹಾಕಿ, ಕಡ್ಡಿಗಳನ್ನು ತಾಗಿಸಿ, ಸೊನ್ನೆಗೆ ತಿರುಗಿಸಿ, ಆ ಎರಡು ರೋಧಕಗಳನ್ನು ಸಾಲಾಗಿ ಜೋಡಿಸಿ ಅಳೆಯಿರಿ. ಮುಳ್ಳು ನಡುವೆ ನಿಂತರೆ ಇಸ್ತ್ರಿಪೆಟ್ಟಿಗೆಯ ಅರ್ತ್ ತಂತಿಯನ್ನು ಮತ್ತೊಮ್ಮೆ ನೋಡಿರಿ.