ಪೂರ್ವಕಥೆಯ ಪರ ವಾದ: ಮಕ್ಕಳು ಕಲಿಯಬೇಕಾದದ್ದೇನು?

ಮೂಲಚಿತ್ರಕ್ಕಿಂತ ಹಿಂದಿನ ಕಾಲದ ಕಥೆಯನ್ನು ಆಮೇಲೆ ಹೇಳುವ ಚಿತ್ರವೇ ಪೂರ್ವಕಥೆ, ಅಂದರೆ ಪ್ರೀಕ್ವೆಲ್. 2022ರ ‘ಕಾಂತಾರ’ಕ್ಕೆ 2025ರ ‘ಕಾಂತಾರ ಚಾಪ್ಟರ್ 1’ ಅಂಥದ್ದು; ಅದರ ಕಥೆ ಕದಂಬರ ಕಾಲದ್ದು.

ವೈಜ್ಞಾನಿಕ ಚಿತ್ರಮಾಲೆ ‘ಸ್ಟಾರ್ ವಾರ್ಸ್’ 1977ರಲ್ಲಿ ಆರಂಭವಾಯಿತು. 1999ರಲ್ಲಿ ಜಾರ್ಜ್ ಲ್ಯೂಕಾಸ್ ಅದರ ಪೂರ್ವಕಥೆ ‘ದಿ ಫ್ಯಾಂಟಮ್ ಮೆನೇಸ್’ ತಂದಾಗ ಅಭಿಮಾನಿಗಳು ಇಬ್ಭಾಗವಾದರು. ಜಾರ್ ಜಾರ್ ಬಿಂಕ್ಸ್ ಪಾತ್ರವನ್ನು ಹಲವರು ಹಳಿದರು. ಬಾಲ್ಯದಲ್ಲಿ ಅದನ್ನು ಕಂಡು ಬೆಳೆದವರು ಜಾನ್ ವಿಲಿಯಮ್ಸ್ ಅವರ ಸಂಗೀತವನ್ನೂ, ಗಣರಾಜ್ಯವು ಒಳಗಿನಿಂದಲೇ ಕುಸಿಯುವ ಕಥನವನ್ನೂ ಮುಂದಿಟ್ಟು ಸಮರ್ಥಿಸಿದರು. ಆದರೆ ಟೀಕೆ ನಿಂದನೆಯಾಗಿ, ಪಾತ್ರಧಾರಿ ಅಹ್ಮದ್ ಬೆಸ್ಟ್ ತೀವ್ರವಾಗಿ ನೊಂದರು.

ಕರಜಗಿಯ ನಮ್ಮ ಮಕ್ಕಳೂ ಮೆಚ್ಚಿದ ಚಿತ್ರಕ್ಕಾಗಿ ವಾದಿಸಲಿ; ವ್ಯಕ್ತಿಯನ್ನು ಹಳಿಯದೆ, ಕಾರಣ ಕೊಟ್ಟು, ತಾಯ್ನುಡಿಯಲ್ಲಿ. ಪಾಲಕರು ಕೇಳಬೇಕಾದುದು ಇಷ್ಟೇ: ‘ಏಕೆ ಹಿಡಿಸಿತು?’