ತಾಯಿ ಕಾರ್ಡ್‌ನಲ್ಲಿ ಎಚ್‌ಬಿ ಎಷ್ಟಿದೆ ನೋಡಿದ್ರಾ? ಕಬ್ಬಿಣದ ಮಾತ್ರೆ ಕಾಫಿ ಜೊತೆ ಬೇಡ
ನಂಜನಗೂಡು: ಮನೇಲಿ ಗರ್ಭಿಣಿ ಇದ್ದರೆ ಅವರ ತಾಯಿ ಕಾರ್ಡ್ ತೆಗೆದು ಎಚ್‌ಬಿ ಎಷ್ಟಿದೆ ನೋಡಿ. 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ತೀವ್ರ. ಆಗ ಹೆರಿಗೆ ಹೊತ್ತಲ್ಲಿ ರಕ್ತಸ್ರಾವ ಸ್ವಲ್ಪ ಜಾಸ್ತಿಯಾದರೂ ತಾಯಿ ಜೀವಕ್ಕೇ ಅಪಾಯ.

ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡೋ ಕಬ್ಬಿಣದ ಮಾತ್ರೆಯನ್ನ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕು. ಆದರೆ ವಾಕರಿಕೆ ಬರುತ್ತೆ, ಮಲ ಕಪ್ಪಾಗುತ್ತೆ ಅಂತ ಎಷ್ಟೋ ಜನ ಬಿಟ್ಟುಬಿಡ್ತಾರೆ. ಮಗು ಕಪ್ಪಗೆ ಹುಟ್ಟುತ್ತೆ ಅನ್ನೋರೂ ಇದ್ದಾರೆ. ಮಲ ಕಪ್ಪಾಗೋದು ನಿಜ, ತೊಂದರೆ ಏನಿಲ್ಲ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವೇ ಇಲ್ಲ.

ಕಾಫಿ, ಟೀ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ನಿಂಬೆ ಪಾನಕದ ಜೊತೆಯಾದರೆ ಒಳ್ಳೇದು. ವಾಕರಿಕೆ ಇದ್ದರೆ ರಾತ್ರಿ ಊಟವಾದ ಮೇಲೆ ನುಂಗಿ.

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆ ಇರುತ್ತೆ. ಅಂಗಡಿ ಬಿಟ್ಟು ಬರೋಕಾಗಲ್ಲ ಅನ್ನೋ ಯಜಮಾನರು ಅವತ್ತು ಅರ್ಧ ದಿನ ಶಟರ್ ಎಳೆದು ಜೊತೆಗೆ ಹೋಗಿ. ರಕ್ತ ಕಂಡರೆ, ಮುಖ ಊದಿಕೊಂಡು ವಿಪರೀತ ತಲೆನೋವು ಬಂದರೆ ಮಾತ್ರ 9ರ ತನಕ ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.